ಮಾತು ಲೇಟಾ, ತೊಂದರೆಯಾ? ಓದುಗರ ಪ್ರಶ್ನೆ, ಸ್ಪೀಚ್ ಥೆರಪಿಸ್ಟ್ ಉತ್ತರ

ಹೋದ ತಿಂಗಳು ಪುಟ್ಟ ಮಕ್ಕಳ ಮಾತಿನ ಬಗ್ಗೆ ಏನೇ ಇದ್ದರೂ ಬರೆಯಿರಿ ಅಂದಿದ್ದೆ. ಬರೆದಿರಿ, ರಾಶಿ ರಾಶಿ ಬರೆದಿರಿ. ಅದರಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಬೇರೆ ಬೇರೆ ಊರಿನಿಂದ: ನಮ್ಮ ಮಗುವಿಗೆ ಮಾತು ಲೇಟಾಗಿದೆಯಾ ಅಥವಾ ಏನಾದರೂ ತೊಂದರೆ ಇದೆಯಾ? ಇಪ್ಪತ್ತು ವರ್ಷದಿಂದ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿಕೊಂಡು ಕೂತು ಮಕ್ಕಳ ಜೊತೆ ಆಟ ಆಡುವುದೇ ನನ್ನ ಕೆಲಸ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗನಿಗೆ ಎರಡು ವರ್ಷ ಮೂರು ತಿಂಗಳು. ಹದಿನೈದು ಪದ ಹೇಳುತ್ತಾನೆ, ಅಷ್ಟೇ. ಅತ್ತೆ "ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಗಂಡು ಮಕ್ಕಳು ಹಂಗೇ" ಅನ್ನುತ್ತಾರೆ. ಡಾಕ್ಟರು ಮೂರು ವರ್ಷದವರೆಗೆ ನೋಡೋಣ ಅಂದರು. ಪಕ್ಕದ ಮನೆಯವರು ಮಾತ್ರ ಹೆದರಿಸುತ್ತಾರೆ. ಇದು ಬರೀ ಲೇಟಾ, ಇಲ್ಲ ಡಿಸಾರ್ಡರಾ? — ಒಬ್ಬ ತಾಯಿ, ದಾವಣಗೆರೆ

ಮೊದಲು ಆ ಎರಡು ಪದಗಳ ವಿಷಯ ಮುಗಿಸಿಬಿಡೋಣ. ಮಾತು ತಡ ಅಂದರೆ ಎಲ್ಲ ಮಕ್ಕಳು ಹೋಗುವ ದಾರಿಯಲ್ಲೇ ನಿಮ್ಮ ಮಗುವೂ ಹೋಗುತ್ತಿದೆ, ಸ್ವಲ್ಪ ಹಿಂದಿದೆ, ಮುಂದೆ ಜೊತೆ ಸೇರಿಕೊಳ್ಳುತ್ತದೆ. ತೊಂದರೆ ಅಂದರೆ ಭಾಷೆ ಕಲಿಯುವುದೇ ಆ ಮಗುವಿಗೆ ಕಷ್ಟ, ಅದು ವಯಸ್ಸಾದ ಹಾಗೆ ತಾನಾಗಿ ಬಿಟ್ಟುಹೋಗುವುದಿಲ್ಲ. ಹೇಳುವುದಕ್ಕೆ ಸುಲಭ. ಆದರೆ ಎರಡೂಕಾಲು ವರ್ಷದ ಮಗುವನ್ನು ಮುಂದೆ ಕೂರಿಸಿಕೊಂಡು ಇದು ಅದೇ ಅಂತ ಖಡಾಖಂಡಿತ ಹೇಳಬಲ್ಲವರು ಯಾರೂ ಇಲ್ಲ, ನಾನೂ ಸೇರಿ. ಸ್ಟಾಪಿನಲ್ಲಿ ನಿಂತವರಿಗೆ ಬಸ್ಸು ಲೇಟು ಅಂತ ಗೊತ್ತಾಗುವುದು ಬಸ್ಸು ಬಂದ ಮೇಲೆ ಅಲ್ವಾ? ಅಲ್ಲಿಯವರೆಗೆ ಅದು ಬಾರದ ಬಸ್ಸು, ಅಷ್ಟೇ. ಮಾತೂ ಹಾಗೇ. "ಲೇಟಾಗಿತ್ತು" ಅನ್ನುವುದು ಹಿಂದಿರುಗಿ ನೋಡಿ ಹೇಳುವ ಮಾತು. ಮುಂಚೆಯೇ ಹೇಳಿದರೆ ಅದು ಊಹೆ.

ಎರಡು ವರ್ಷಕ್ಕೆ 50 ಪದ ಇಲ್ಲದಿದ್ದರೆ, ಅಥವಾ "ಹಾಲು ಬೇಡ", "ಅಜ್ಜಿ ಬಾ" ಅಂತ ಎರಡು ಪದ ಜೋಡಿಸದಿದ್ದರೆ, ಅಂಥ ಮಗುವನ್ನು ನಮ್ಮ ವೃತ್ತಿಯಲ್ಲಿ ಲೇಟ್ ಟಾಕರ್ ಅನ್ನುತ್ತಾರೆ. ಈ ಅಳತೆಯನ್ನು ಬಳಕೆಗೆ ತಂದವರಲ್ಲಿ ಅಮೆರಿಕದ ಮನೋವಿಜ್ಞಾನಿ ಲೆಸ್ಲಿ ರೆಸ್ಕೋರ್ಲಾ ಮುಖ್ಯರು. ಎರಡು ವರ್ಷಕ್ಕೆ ಮಾತು ಹಿಂದಿದ್ದ ಮಕ್ಕಳನ್ನು ಆಕೆ ಹದಿನೇಳು ವರ್ಷ ಆಗುವವರೆಗೂ ಬಿಡದೆ ನೋಡಿದರು. ಹೆಚ್ಚಿನವರು ಮಾಮೂಲಿ ಮಟ್ಟಕ್ಕೆ ಬಂದಿದ್ದರು. ಆದರೂ ಸರಿಯಾದ ಹೊತ್ತಿಗೆ ಮಾತಾಡಿದ ತಮ್ಮಂಥದೇ ಮನೆಗಳ ಮಕ್ಕಳಿಗೆ ಹೋಲಿಸಿದರೆ ಭಾಷೆಯಲ್ಲಿ ಒಂದು ಕೂದಲೆಳೆ ಹಿಂದೆಯೇ ಇದ್ದರು. ಅಂದರೆ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ: ಇಂಥ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಶಾಲೆಗೆ ಸೇರುವ ಹೊತ್ತಿಗೆ ಸರಿಹೋಗುತ್ತಾರೆ. ಉಳಿದವರು ಸರಿಹೋಗುವುದಿಲ್ಲ. ನಿಮ್ಮವನು ಯಾವ ಗುಂಪು ಅನ್ನುವುದೇ ಪ್ರಶ್ನೆ.

ಹದಿನೈದು ಪದ ಅಂದಿರಲ್ಲ, ಸರಿಯಾಗಿ ಎಣಿಸಿದ್ದೀರಾ? ಬೂವ, ತಾಚಿ, ಟಾಟಾ, ಬೌಬೌ, ಅಂಬಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಉಚ್ಚಾರ ಹೇಗೇ ಇರಲಿ, ಅದೇ ವಸ್ತುವಿಗೆ ಅದೇ ಸದ್ದನ್ನು ಪ್ರತಿ ಸಲ ಬಳಸಿದರೆ ಅದು ಪದ. ಆದರೆ ಎ ಬಿ ಸಿ ಡಿ, ಒಂದರಿಂದ ಇಪ್ಪತ್ತು, ರೈಮ್ಸು ಲೆಕ್ಕಕ್ಕಿಲ್ಲ. ಇಡೀ ಅಕ್ಷರಮಾಲೆ ಒಪ್ಪಿಸಿ, ಬಾಯಾರಿದಾಗ ಮಾತ್ರ ನೀರು ಕೇಳಲು ಗೊತ್ತಿಲ್ಲದೆ ಅಮ್ಮನ ಕೈ ಹಿಡಿದು ಫ್ರಿಜ್ಜಿನ ಹತ್ತಿರ ಎಳೆದುಕೊಂಡು ಹೋಗುವ ಮಕ್ಕಳನ್ನು ನಾನು ತಿಂಗಳಿಗೆ ಇಬ್ಬರು ಮೂವರನ್ನು ನೋಡುತ್ತೇನೆ.

ಪದದ ಎಣಿಕೆಗಿಂತ ನನಗೆ ಮುಖ್ಯ ಆಗುವುದು ಅವನಿಗೆ ಎಷ್ಟು ಅರ್ಥ ಆಗುತ್ತದೆ ಅನ್ನುವುದು. "ಅಯ್ಯೋ, ಅವನಿಗೆ ಎಲ್ಲಾ ಅರ್ಥ ಆಗುತ್ತೆ ಮೇಡಂ, ಮಾತೊಂದೇ ಇಲ್ಲ." ಈ ವಾಕ್ಯ ಕೇಳದ ದಿನ ನನಗಿಲ್ಲ. ಕೆಲವರ ವಿಷಯದಲ್ಲಿ ಅದು ನಿಜ. ಕೆಲವರ ವಿಷಯದಲ್ಲಿ ಅಲ್ಲ, ಮತ್ತು ತಾಯಿಗೆ ಅದು ಗೊತ್ತಾಗುವುದಿಲ್ಲ. ಯಾಕೆ ಅಂತ ನಾನು ಒಂದು ತಪ್ಪು ಮಾಡಿ ಕಲಿತೆ.

ಕೆಲಸಕ್ಕೆ ಸೇರಿದ ಹೊಸತು. ಎರಡೂವರೆ ವರ್ಷದ ಹುಡುಗಿ, ನಾಲ್ಕೈದು ಪದ. ನನ್ನ ಎದುರಿಗೇ ತಾಯಿ "ನಡಿ ಹೋಗೋಣ, ಚಪ್ಪಲಿ ಹಾಕ್ಕೋ" ಅಂದರು, ಮಗು ಓಡಿಹೋಗಿ ಚಪ್ಪಲಿ ತಂದಿತು. ಅರ್ಥ ಆಗುತ್ತದೆ ಅಂತ ಬರೆದುಕೊಂಡೆ, ಆರು ತಿಂಗಳು ನೋಡೋಣ ಅಂದೆ. ಅವರು ಮತ್ತೆ ಬಂದದ್ದು ಮಗುವಿಗೆ ಐದು ತುಂಬಿದ ಮೇಲೆ, ಶಾಲೆಯಲ್ಲಿ ಹೇಳಿದ್ದು ಒಂದೂ ತಲೆಗೆ ಹೋಗುತ್ತಿಲ್ಲ ಅಂತ. ಆ ಮೊದಲ ದಿನವನ್ನು ಆಮೇಲೆ ನೆನಪಿಸಿಕೊಂಡೆ. ತಾಯಿ ಎದ್ದು ನಿಂತಿದ್ದರು. ಹೆಗಲಿಗೆ ಬ್ಯಾಗು ಬಂದಿತ್ತು, ಕೈಯಲ್ಲಿ ಗಾಡಿ ಕೀ, ಕಣ್ಣು ಬಾಗಿಲ ಕಡೆ. ಆ ಮಗುವಿಗೆ "ಚಪ್ಪಲಿ" ಅನ್ನುವ ಪದ ಬೇಕಾಗಿಯೇ ಇರಲಿಲ್ಲ!

ಅದಕ್ಕೇ ಮನೆಯಲ್ಲಿ ಹೀಗೆ ಮಾಡಿ ನೋಡಿ. ಹೊರಗೆ ಹೋಗುವ ಹೊತ್ತಲ್ಲದ ಹೊತ್ತಿನಲ್ಲಿ, ಕೈ ಕಟ್ಟಿ ಕೂತು, ಮಗುವಿನ ಮುಖವನ್ನೇ ನೋಡುತ್ತಾ, "ಅಪ್ಪನ ಚಪ್ಪಲಿ ತಗೊಂಡು ಬಾ" ಅನ್ನಿ. ಬೆರಳು ತೋರಿಸಬಾರದು, ಚಪ್ಪಲಿ ಕಡೆ ಕಣ್ಣೂ ಹೊರಳಿಸಬಾರದು. ಕಷ್ಟ, ನಮ್ಮ ಕಣ್ಣು ತಾನಾಗಿ ಹೊರಳುತ್ತದೆ. ಆಮೇಲೆ ಒಂದು ಬಟ್ಟಲು, ಒಂದು ಚಮಚ, ಒಂದು ಚೆಂಡು ಮುಂದಿಟ್ಟು "ಚೆಂಡನ್ನ ಬಟ್ಟಲಲ್ಲಿ ಹಾಕು" ಅನ್ನಿ. ಚಮಚವನ್ನು ಬಟ್ಟಲಲ್ಲಿ ಹಾಕು ಅಂದರೆ ಯಾರು ಬೇಕಾದರೂ ಹಾಕುತ್ತಾರೆ, ಚಮಚ ಇರುವುದೇ ಅದಕ್ಕೆ. ಚೆಂಡು ಹಾಕಬೇಕಾದರೆ ಮಾತನ್ನೇ ಕೇಳಿಸಿಕೊಳ್ಳಬೇಕು. ಇಂಥ ನಾಲ್ಕೈದು ವಿಚಿತ್ರ ಕೆಲಸ ಹೇಳಿ, ಮೂರು ನಾಲ್ಕು ದಿನ ಬೇರೆ ಬೇರೆ ಹೊತ್ತಿನಲ್ಲಿ. ಹೆಚ್ಚಿನ ಸಲ ಮಾಡಿದರೆ ಒಳ್ಳೆಯ ಸೂಚನೆ. ಅರ್ಥ ಚೆನ್ನಾಗಿ ಆಗಿ ಬರೀ ಮಾತು ಹಿಂದಿರುವ ಮಕ್ಕಳು ಮುಂದೆ ಬರುವುದು ಜಾಸ್ತಿ. ಅರ್ಥ ಆಗುವುದೇ ಕಡಿಮೆ ಇದ್ದರೆ ಕಾಯುವ ಮಾತೇ ಬೇಡ.

ಇನ್ನು ಕೈಸನ್ನೆ. ಆಕಾಶದಲ್ಲಿ ವಿಮಾನ ಹೋದರೆ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತಾನಾ? ಬೇಡ ಅಂತ ತಲೆ ಆಡಿಸುತ್ತಾನಾ? ಖಾಲಿ ಲೋಟದಿಂದ ಗೊಂಬೆಗೆ ಕಾಫಿ ಕುಡಿಸುತ್ತಾನಾ? ಮಾತಿಲ್ಲದ ಮಗು ಕೈಯಿಂದ, ಮುಖದಿಂದ, ಆಟದಿಂದ ಹರಟೆ ಹೊಡೆಯುತ್ತಿದ್ದರೆ ನನಗೆ ಅರ್ಧ ಧೈರ್ಯ. ಅದೂ ಇಲ್ಲದೆ ಸುಮ್ಮನಿದ್ದರೆ ಭಯ. ಪದಗಳು ಹೆಚ್ಚುತ್ತಿರುವ ವೇಗವನ್ನೂ ನೋಡಿ. ಹೋದ ಯುಗಾದಿಗೆ ಹನ್ನೆರಡು, ಈಗ ಹದಿನೈದು ಅಂದರೆ ಸರಿಯಿಲ್ಲ. ಎರಡು ತಿಂಗಳ ಹಿಂದೆ ಮೂರು, ಈಗ ಹದಿನೈದು ಅಂದರೆ ಬೇರೆಯೇ ಕಥೆ.

ಈಗ "ಅವರಪ್ಪನೂ ಲೇಟು" ಅನ್ನುವ ಮಾತಿಗೆ ಬರೋಣ. ಎಲ್ಲರೂ ಇದನ್ನು ಸಮಾಧಾನಕ್ಕೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳುವುದು ಎಚ್ಚರಿಕೆಯಾಗಿ. ಭಾಷೆಯ ತೊಂದರೆ ಮನೆತನದಲ್ಲಿ ಹರಿದುಬರುತ್ತದೆ. ಅತ್ತೆಯವರನ್ನು ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿ: ಮಗುವಿನ ಅಪ್ಪನ ಓದು ಬರಹ ಶಾಲೆಯಲ್ಲಿ ಹೇಗಿತ್ತು? ಉಕ್ತಲೇಖನದಲ್ಲಿ ಒದೆ ತಿಂದದ್ದು, ಒಂದು ಕ್ಲಾಸಿನಲ್ಲಿ ಎರಡು ಸಲ ಕೂತದ್ದು ಹೊರಗೆ ಬಂದರೆ ಆ ಸಮಾಧಾನವನ್ನು ಪಕ್ಕಕ್ಕಿಡಿ. ಗಂಡು ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ಹಿಂದೆ ಅನ್ನುವುದು ನಿಜ. ಆದರೆ ಆ ವ್ಯತ್ಯಾಸ ಕೆಲವೇ ತಿಂಗಳಿನದು, ನಾಲ್ಕು ವರ್ಷದವರೆಗೆ ಕಾಯಿಸುವಷ್ಟಲ್ಲ.

ಹಾಗಾದರೆ ಏನು ಮಾಡಬೇಕು? ಶ್ರವಣ ಪರೀಕ್ಷೆ ಮಾಡಿಸಿ, ಒಂದು ಸಲ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಲೇಟೋ ತೊಂದರೆಯೋ ಅಂತ ತೀರ್ಮಾನ ಆದ ಮೇಲೆ ಸಹಾಯ ಶುರು ಮಾಡೋಣ ಅನ್ನುವುದು ತಲೆಕೆಳಗಾದ ಲೆಕ್ಕ. ಈ ವಯಸ್ಸಿನಲ್ಲಿ ಎರಡಕ್ಕೂ ಸಹಾಯ ಹೆಚ್ಚುಕಮ್ಮಿ ಒಂದೇ, ಮತ್ತು ಆ ಸಹಾಯಕ್ಕೆ ಮಗು ಹೇಗೆ ಸ್ಪಂದಿಸುತ್ತದೆ ಅನ್ನುವುದೇ ನಮಗೆ ಸಿಗುವ ದೊಡ್ಡ ಸುಳಿವು. ಒಂದು ಹೊಸ ಪದವನ್ನು ಆಟದಲ್ಲಿ ಹತ್ತು ಸಲ ಕೇಳಿಸಿದರೆ ಒಂದು ಮಗು ಮುಂದಿನ ವಾರ ಅದನ್ನೇ ಹೇಳಿಕೊಂಡು ಒಳಗೆ ಬರುತ್ತದೆ. ಇನ್ನೊಂದಕ್ಕೆ ಎಪ್ಪತ್ತು ಸಲ ಕೇಳಿಸಿದರೂ ಅದು ಜಾರಿಹೋಗುತ್ತದೆ. ಕಾಯುತ್ತಾ ಕೂತರೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ, ಮಾತು ಕಡಿಮೆ. ಕಿವಿ ಪರೀಕ್ಷೆ ಮಾಡಿಸಿ ಅಂದರು. ಕುಕ್ಕರ್ ಸೀಟಿ ಹೊಡೆದರೆ ತಿರುಗುತ್ತಾಳೆ, ಚಾಕ್ಲೇಟ್ ಕವರ್ ಸದ್ದಿಗೆ ಓಡಿಬರುತ್ತಾಳೆ. ಸುಮ್ನೆ ದುಡ್ಡು ಖರ್ಚಲ್ವಾ? — ಹಾಸನ

ಅಲ್ಲ. ಕಿವಿ ಅನ್ನುವುದು ಕೇಳುತ್ತದೆ ಇಲ್ಲವೇ ಕೇಳುವುದಿಲ್ಲ ಅನ್ನುವ ಸ್ವಿಚ್ಚಲ್ಲ. ಕುಕ್ಕರ್ ಕೇಳುವ ಕಿವಿಗೆ "ಸ", "ಶ" ತರಹದ ಸಣ್ಣ ಸದ್ದು ಕೇಳದೆ ಇರಬಹುದು. ಕಿವಿಪರದೆಯ ಹಿಂದೆ ಅಂಟಿನಂಥ ನೀರು ತುಂಬಿಕೊಂಡ ಮಕ್ಕಳಿಗಂತೂ ಒಂದು ವಾರ ಚೆನ್ನಾಗಿ ಕೇಳುತ್ತದೆ, ಶೀತ ಆದ ವಾರ ನೀರಿನೊಳಗೆ ಮುಳುಗಿ ಕೇಳಿದ ಹಾಗಿರುತ್ತದೆ. ನಾಯಿ ಬೊಗಳಿದರೆ ತಿರುಗುತ್ತದೆ, ಮಾತು ಮಾತ್ರ ಮಸುಕು. ಹುಟ್ಟಿದಾಗ ಆಸ್ಪತ್ರೆಯಲ್ಲಿ ಪಾಸಾಗಿದ್ದರೂ ಆಮೇಲೆ ತೊಂದರೆ ಬರಬಹುದು. ಓಎಇ ಅನ್ನುವ ಪರೀಕ್ಷೆ ಕಿವಿಗೆ ಒಂದು ಪುಟ್ಟ ಬಿರಡೆ ಇಟ್ಟು ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಬೇಕಾದರೆ ಬೇರಾ ಅನ್ನುವ ಇನ್ನೊಂದು ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಮಗು ನಿದ್ದೆ ಮಾಡುತ್ತಿರಬೇಕು. ಯಾವುದೂ ನೋಯುವುದಿಲ್ಲ. ಕಿವಿ ನೋಡದೆ ಭಾಷೆಯ ಬಗ್ಗೆ ತೀರ್ಪು ಕೊಡುವವರು ಸಿಕ್ಕರೆ ಎದ್ದು ಬನ್ನಿ.

ಪ್ರಶ್ನೆ: ನಾವು ಉಡುಪಿ ಕಡೆಯವರು, ಈಗ ಡಬ್ಲಿನ್‌ನಲ್ಲಿದ್ದೇವೆ. ಮನೆಯಲ್ಲಿ ನಾನು ಕನ್ನಡ, ಯಜಮಾನರು ತುಳು, ಹೊರಗೆ ಇಂಗ್ಲಿಷ್. ಮಗನಿಗೆ ಮೂರು ವರ್ಷ. ಮೂರು ಭಾಷೆಯಿಂದ ತಲೆ ಕೆಟ್ಟು ಮಾತು ತಡವಾಗಿದೆ, ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂತ ನರ್ಸರಿಯಲ್ಲಿ ಹೇಳಿದ್ದಾರೆ. ಬಿಡಬೇಕಾ?

ಬಿಡಬೇಡಿ. ಈ ಸಲಹೆ ಕೊಡುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಡಬ್ಲಿನ್‌ವರೆಗೆ ಹೋಗಬೇಕಿಲ್ಲ, ಬೆಂಗಳೂರಿನಲ್ಲೂ ದಿನಾ ಕೊಡುತ್ತಾರೆ. ಎರಡು ಮೂರು ಭಾಷೆ ಕೇಳಿ ಬೆಳೆದರೆ ಭಾಷೆಯ ತೊಂದರೆ ಬರುವುದಿಲ್ಲ. ಬರುವ ಹಾಗಿದ್ದರೆ ಕಾಸರಗೋಡಿನಿಂದ ಬೆಳಗಾವಿವರೆಗೆ ಅರ್ಧ ಗಡಿನಾಡೇ ಮೂಕ ಆಗಿರಬೇಕಿತ್ತು.

ಪದ ಎಣಿಸುವಾಗ ಮೂರೂ ಭಾಷೆ ಸೇರಿಸಿ ಎಣಿಸಿ. ಅಪ್ಪನ ಹತ್ತಿರ "ಪೇರ್", ನಿಮ್ಮ ಹತ್ತಿರ "ಹಾಲು" ಅಂದರೆ ಎರಡು ಪದ. "ಪುಚ್ಚೆ" ಗೊತ್ತು, "ಬೆಕ್ಕು" ಗೊತ್ತಿಲ್ಲ ಅಂದರೆ ತಪ್ಪೇನಿಲ್ಲ, ಆ ಪ್ರಾಣಿಗೆ ಅವನ ಹತ್ತಿರ ಒಂದು ಹೆಸರಿದೆ. ನರ್ಸರಿಯವರು ನೋಡಿದ್ದು ಇಂಗ್ಲಿಷಿನ ಪಾಲನ್ನು ಮಾತ್ರ. ಒಂದೇ ವಾಕ್ಯದಲ್ಲಿ ಭಾಷೆ ಬೆರೆಸಿದರೂ ಗಾಬರಿ ಬೇಡ, ನೀವೂ ನಾನೂ ದಿನಾ ಬೆರೆಸುತ್ತೇವೆ.

ನಿಜವಾದ ತೊಂದರೆ ಇದ್ದರೆ ಅದು ಮಗು ಸಾಕಷ್ಟು ಕೇಳಿರುವ ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಕನ್ನಡ ತುಳು ಸರಾಗ, ಇಂಗ್ಲಿಷ್ ಮಾತ್ರ ತಡವರಿಕೆ ಅಂದರೆ ಅವನು ಇಂಗ್ಲಿಷ್ ಇನ್ನೂ ಸಾಕಷ್ಟು ಕೇಳಿಲ್ಲ, ಅಷ್ಟೇ. ಮೂರರಲ್ಲೂ ಹಿಂದೆ ಇದ್ದರೆ ಖಂಡಿತ ತೋರಿಸಿ, ಆದರೆ ಆಗಲೂ ಮನೆಭಾಷೆ ಬಿಡಬೇಡಿ. ತೊಂದರೆ ಇರುವ ಮಗುವೂ ಎರಡು ಭಾಷೆ ಕಲಿಯಬಲ್ಲದು. ಒಂದನ್ನು ಕಿತ್ತುಹಾಕಿದರೆ ಇನ್ನೊಂದು ಬೇಗ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಬೇರೆ ನಷ್ಟ ಮಾತ್ರ ಇದೆ: ನಿಮಗೆ ಹೃದಯದಿಂದ ಬರುವ ಭಾಷೆ ಬಿಟ್ಟು ಲೆಕ್ಕ ಹಾಕಿ ಮಾತಾಡುವ ಭಾಷೆಯಲ್ಲಿ ಮಗುವಿನ ಜೊತೆ ಎಷ್ಟು ಹೊತ್ತು ಹರಟುತ್ತೀರಿ? ಊರಿಗೆ ಫೋನ್ ಮಾಡಿದಾಗ ಅಜ್ಜಿ ಯಾರ ಜೊತೆ ಮಾತಾಡಬೇಕು?

ಪ್ರಶ್ನೆ: ಮಗಳಿಗೆ ಐದೂವರೆ ವರ್ಷ, ಯುಕೆಜಿ. ಮಾತು ಬೇಕಾದಷ್ಟು ಇದೆ, ನಿಲ್ಲಿಸುವುದೇ ಇಲ್ಲ. ಆದರೆ ಹೇಳಿದ್ದು ಕೇಳುವುದಿಲ್ಲ, ಗಮನ ಇಲ್ಲ, ಸೋಮಾರಿ ಅಂತ ಟೀಚರ್ ದೂರು. "ನಿನ್ನೆ ಅಜ್ಜಿ ಮನೆ ನಾನು ಹೋಯ್ತು" ಅಂತ ಮಾತಾಡುತ್ತಾಳೆ. ಮಾತು ಬಂದಿದೆಯಲ್ಲ, ಇನ್ನೇನು ತೊಂದರೆ ಅಂತ ನಮ್ಮ ಮನೆಯವರು. — ತುಮಕೂರು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಾತೇ ಬಾರದ ಮಗುವನ್ನು ಎಲ್ಲರೂ ಗುರುತಿಸುತ್ತಾರೆ. ಲೊಡಲೊಡ ಮಾತಾಡುತ್ತಲೇ ಭಾಷೆಯಲ್ಲಿ ಒದ್ದಾಡುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳಿಗೆ ಸೋಮಾರಿ, ದಡ್ಡಿ, ಹಟಮಾರಿ ಅನ್ನುವ ಹೆಸರು ಮಾತ್ರ ಸಿಗುತ್ತದೆ.

ನಮ್ಮ ಕನ್ನಡದಲ್ಲಿ ಅರ್ಥದ ಅರ್ಧ ಭಾರ ಪದದ ಬಾಲದಲ್ಲಿರುತ್ತದೆ. ಯಾರು, ಯಾರಿಗೆ, ಎಲ್ಲಿಂದ, ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಲ್ಲವೂ ಅಲ್ಲೇ. "ಅಜ್ಜಿ ನಂಗೆ ಲಾಡು ಕೊಟ್ರು" ಅನ್ನುವುದಕ್ಕೂ "ಅಜ್ಜಿಗೆ ನಾನು ಲಾಡು ಕೊಟ್ಟೆ" ಅನ್ನುವುದಕ್ಕೂ ಬಾಲ ಬಿಟ್ಟರೆ ವ್ಯತ್ಯಾಸವೇ ಇಲ್ಲ. ಬಾಲ ಉದುರಿಸಿ "ಅಜ್ಜಿ ನಾನು ಲಾಡು ಕೊಟ್ಟ" ಅಂದರೆ ಲಾಡು ತಿಂದವರು ಯಾರು? ಭಾಷೆಯ ತೊಂದರೆ ಇರುವ ಕನ್ನಡದ ಮಕ್ಕಳು ಎಡವುವುದು ಬಹಳ ಸಲ ಇಲ್ಲೇ.

ತಪ್ಪು ಎಲ್ಲ ಮಕ್ಕಳೂ ಮಾಡುತ್ತಾರೆ, ಆದರೆ ಎಲ್ಲ ತಪ್ಪೂ ಒಂದೇ ಅಲ್ಲ. ಮೂರು ವರ್ಷದ ಮಗು "ಕೊಟ್ಟೆ" ಅನ್ನುವ ಬದಲು "ಕೊಡಿದೆ" ಅಂದರೆ ನಾನು ಖುಷಿಪಡುತ್ತೇನೆ. "ಮಾಡಿದೆ, ನೋಡಿದೆ" ಕೇಳಿ ತಾನೇ ಒಂದು ನಿಯಮ ಕಟ್ಟಿಕೊಂಡಿದೆ ಕಳ್ಳ, ಎಲ್ಲ ಕಡೆ ಹಚ್ಚಿ ನೋಡುತ್ತಿದೆ. ಕಲಿಯುತ್ತಿರುವ ಮಗುವಿನ ತಪ್ಪು ಇದು, ಕೆಲವು ತಿಂಗಳಲ್ಲಿ ಉದುರಿಹೋಗುತ್ತದೆ. ಐದೂವರೆಯಲ್ಲೂ "ನಾನು ಹೋಯ್ತು" ಅಂತ ನಿಂತಿದ್ದರೆ ನಿಯಮ ಹಿಡಿತಕ್ಕೇ ಸಿಕ್ಕಿಲ್ಲ ಅಂತ ಅರ್ಥ. "ಕಾಗೆ"ಗೆ "ತಾದೆ" ಅನ್ನುವುದು, "ರ" ತಿರುಗದೆ "ಲ" ಆಗುವುದು ಬೇರೆ ವಿಷಯ. ಅದು ಉಚ್ಚಾರದ ಸಮಸ್ಯೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಟೀಚರ್ ಹೇಳಿದ "ಗಮನ ಇಲ್ಲ" ಅನ್ನುವುದನ್ನೂ ಈಗ ಬೇರೆ ಥರ ನೋಡಿ. "ಚಿತ್ರ ಬಿಡಿಸಿ ಆದ ಮೇಲೆ ಪುಸ್ತಕ ಬ್ಯಾಗಿಗೆ ಹಾಕಿ ಸಾಲಿನಲ್ಲಿ ನಿಲ್ಲಿ" ಅಂದರೆ ಅವಳಿಗೆ ಕೈಗೆ ಸಿಕ್ಕಿದ್ದು ಪುಸ್ತಕ, ಬ್ಯಾಗು. ಎದ್ದು ಬ್ಯಾಗಿಗೆ ಪುಸ್ತಕ ಹಾಕಿದಳು, ಚಿತ್ರ ಅರ್ಧಕ್ಕೇ. ಬೈಗುಳ ತಿಂದಳು. ಮೂರು ಸಲ ಹೀಗಾದ ಮೇಲೆ ಪಕ್ಕದವಳನ್ನು ನೋಡಿ ಮಾಡುವುದು ಕಲಿಯುತ್ತಾಳೆ. ಜಾಣತನವೇ, ಆದರೆ ಟೀಚರಿಗೆ ಕಾಣುವುದು ಪಕ್ಕಕ್ಕೆ ತಿರುಗಿದ ಮುಖ.

ಇದಕ್ಕೆ ಈಗ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ ಅನ್ನುತ್ತಾರೆ. ಮೊದಲು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಆಕ್ಸ್‌ಫರ್ಡ್‌ನ ಮನೋವಿಜ್ಞಾನಿ ಡೊರೊಥಿ ಬಿಷಪ್ ಮುಂದಾಳತ್ವದಲ್ಲಿ ಐವತ್ತಕ್ಕೂ ಹೆಚ್ಚು ತಜ್ಞರು ಕೂತು ಚರ್ಚಿಸಿ 2017ರಲ್ಲಿ ಈ ಹೆಸರಿಗೆ ಬಂದರು. ಶ್ರವಣದೋಷ, ಆಟಿಸಂ, ಬುದ್ಧಿಮಾಂದ್ಯದಂಥ ಬೇರೆ ಕಾರಣ ಇಲ್ಲದೆ ಭಾಷೆಯೇ ಕಷ್ಟ ಆಗಿ, ಅದು ದಿನದ ಬದುಕಿಗೆ ಶಾಲೆಗೆ ಅಡ್ಡಬಂದು, ಬೇಗ ಬಿಟ್ಟುಹೋಗುವ ಲಕ್ಷಣ ಕಾಣದಿದ್ದರೆ ಡಿಎಲ್‌ಡಿ. ಅಪರೂಪ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಶಾಲೆಗೆ ಸೇರಿದ ಮಕ್ಕಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100ಕ್ಕೆ ಸುಮಾರು 7 ಮಕ್ಕಳಿಗೆ ಇದಿತ್ತು. 30 ಮಕ್ಕಳ ಕ್ಲಾಸಿನಲ್ಲಿ ಇಬ್ಬರು! ಆ ಲೆಕ್ಕ ಅಲ್ಲಿನದು, ಆದರೆ ನಿಮ್ಮ ಬಾಲ್ಯದ ಕ್ಲಾಸನ್ನು ನೆನಪಿಸಿಕೊಳ್ಳಿ, ಕೊನೆಯ ಬೆಂಚಿನ ಮುಖಗಳು ನೆನಪಾಗುತ್ತವೆ.

ನಾವು ಹೇಗೆ ಪತ್ತೆ ಮಾಡುತ್ತೇವೆ ಅಂತಲೂ ಹೇಳುತ್ತೇನೆ. ಚಿತ್ರ ತೋರಿಸಿ ಕಥೆ ಹೇಳಿಸುತ್ತೇವೆ. ಕೊಡದಲ್ಲಿ ಕಲ್ಲು ಹಾಕಿದ ಕಾಗೆಯ ಕಥೆಯನ್ನು ಕೆಲವು ಮಕ್ಕಳು "ಅದು ಅದರಲ್ಲಿ ಹಾಕ್ತು, ಆಮೇಲೆ ಅದು ಬಂತು, ಕುಡೀತು" ಅಂತ ಮುಗಿಸಿಬಿಡುತ್ತಾರೆ. ಯಾವ ಅದು, ಯಾವುದರಲ್ಲಿ? ಆಮೇಲೆ ಒಂದು ವಾಕ್ಯ ಹೇಳಿ ಹಾಗೇ ಹೇಳು ಅನ್ನುತ್ತೇವೆ: "ಅಕ್ಕ ಕೊಟ್ಟ ಪುಸ್ತಕವನ್ನು ತಮ್ಮ ಹರಿದ." ತೊಂದರೆ ಇರುವ ಮಗು "ಅಕ್ಕ ಪುಸ್ತಕ ಹರಿದ" ಅನ್ನುತ್ತದೆ. ಅರ್ಥವಿಲ್ಲದ ಉದ್ದನೆಯ ಪದ ಹೇಳಿಸಿದರೆ ಮಧ್ಯದ ಅಕ್ಷರ ನುಂಗುತ್ತದೆ. ಕನ್ನಡಕ್ಕೆಂದೇ ಮಾಡಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಇದೆ. ಇಂಗ್ಲಿಷ್ ಪರೀಕ್ಷೆಯನ್ನು ಅಲ್ಲೇ ಕನ್ನಡಕ್ಕೆ ತಿರುಗಿಸಿ ಕೇಳಿ ಅಂಕ ಹಾಕುವವರ ಮಾತು ನಂಬಬೇಡಿ. ಇಂಗ್ಲಿಷಿಗೆ ಕಷ್ಟವಾದದ್ದು ಕನ್ನಡಕ್ಕೆ ಸುಲಭ ಇರುತ್ತದೆ, ಉಲ್ಟಾನೂ ಇರುತ್ತದೆ.

ಎರಡು ವರ್ಷದ ಮಗುವಿನ ವಿಷಯದಲ್ಲಿ ಗೊತ್ತಿಲ್ಲ ಅಂದೆನಲ್ಲ, ಐದರ ಹೊತ್ತಿಗೆ ಹಾಗಿಲ್ಲ. ಈ ವಯಸ್ಸಿಗೂ ಉಳಿದುಕೊಂಡಿದ್ದು ತಾನಾಗಿ ಹೋಗುವ ಸಾಧ್ಯತೆ ಕಡಿಮೆ. ಒಂದನೇ ಕ್ಲಾಸಿಗೆ ಮುಂಚೆ ತೋರಿಸಿ, ಓದು ಬರಹ ಶುರುವಾದ ಮೇಲೆ ಭಾರ ಜಾಸ್ತಿ ಆಗುತ್ತದೆ. ಥೆರಪಿಯಿಂದ ನಿಜವಾಗಿ ಉಪಯೋಗ ಇದೆ, ಆದರೆ ಆರು ತಿಂಗಳಲ್ಲಿ ಗುಣ ಅಂತ ಬೋರ್ಡು ಹಾಕಿದ ಕಡೆ ಹೋಗಬೇಡಿ. ಟೀಚರಿಗೆ ಇಷ್ಟು ಹೇಳಿ ಸಾಕು: ಅವಳನ್ನು ಮುಂದೆ ಕೂರಿಸಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ತೋರಿಸಿ ಹೇಳಿ.

ಪ್ರಶ್ನೆ: ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತದಂತೆ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ ಅಂತ ನಮ್ಮಮ್ಮ. ಯಾವುದು ಸರಿ? — ಚನ್ನರಾಯಪಟ್ಟಣ

ಎರಡೂ ಅಲ್ಲ. ನಾಲಿಗೆ ದಾರ ಬಿಗಿ ಇದ್ದರೆ ಎಳೆಗೂಸಿಗೆ ಹಾಲು ಚೀಪಲು ಕಷ್ಟ ಆಗಬಹುದು, ಮುಂದೆ ಒಂದೆರಡು ಅಕ್ಷರ ತೊದಲಬಹುದು. ಪದ ಕಲಿಯುವುದು, ವಾಕ್ಯ ಕಟ್ಟುವುದು ನಾಲಿಗೆಯ ಕೆಲಸ ಅಲ್ಲ, ತಲೆಯ ಕೆಲಸ. ಬಜೆಯಿಂದ ಭಾಷೆ ಬರುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗಂತೂ ಜೇನು ಕೊಡಲೇಬಾರದು, ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣು ಎಳೆ ಕರುಳಿಗೆ ಅಪಾಯ. ಮಾತು ಬರಲಿ ಅಂತ ದೇವಸ್ಥಾನದ ಗಂಟೆ ಬಾರಿಸುವುದಾದರೆ ಬಾರಿಸಿ, ಅಭ್ಯಂತರ ಇಲ್ಲ. ಮಗುವನ್ನು ಎತ್ತಿಕೊಂಡು "ಗಂಟೆ ಢಣ್ ಅಂತು" ಅಂತ ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಇಪ್ಪತ್ತು ತಿಂಗಳ ಮಗ. ಒಂದು ವರ್ಷಕ್ಕೆ ಅಮ್ಮ, ಅತ್ತೆ, ಬಾ, ಟಾಟಾ ಎಲ್ಲ ಹೇಳುತ್ತಿದ್ದ. ಈಗ ಒಂದೂ ಇಲ್ಲ. ಹೆಸರು ಕರೆದರೆ ನೋಡುವುದಿಲ್ಲ. ಮೊಬೈಲ್ ಜಾಸ್ತಿ ಕೊಟ್ಟಿದ್ದರಿಂದ ಅಂತ ಎಲ್ಲರೂ ನನ್ನನ್ನು ಬೈಯುತ್ತಾರೆ. — ಕಲಬುರಗಿ

ಈ ಪತ್ರಕ್ಕೆ ಸಂಪಾದಕರು ತಿಂಗಳು ಕಾಯಬೇಡಿ, ಈಗಲೇ ಉತ್ತರ ಕಳಿಸಿ ಅಂದರು, ಕಳಿಸಿದ್ದೇನೆ. ಇಲ್ಲಿ ಹಾಕುತ್ತಿರುವುದು ಉಳಿದವರಿಗಾಗಿ. ಬಂದ ಮಾತು ಹೋದರೆ, ಯಾವ ವಯಸ್ಸಿನಲ್ಲೇ ಆಗಲಿ, ಅದು ಲೇಟೂ ಅಲ್ಲ, ಕಾದು ನೋಡುವ ವಿಷಯವೂ ಅಲ್ಲ. ಆ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಕಿವಿ ನೋಡುತ್ತಾರೆ, ಆಟಿಸಂ ಇದೆಯಾ ಅಂತ ನೋಡುತ್ತಾರೆ, ಬೇಕಾದರೆ ನರರೋಗ ತಜ್ಞರ ಹತ್ತಿರ ಕಳಿಸುತ್ತಾರೆ. ಒಂದು ವರ್ಷ ಆದರೂ ತೊದಲ್ನುಡಿ ಇಲ್ಲ, ಬೆರಳು ತೋರಿಸುವುದಿಲ್ಲ, ಹದಿನಾರು ತಿಂಗಳಿಗೂ ಒಂದು ಪದ ಇಲ್ಲ ಅಂದರೂ ಹೀಗೇ.

ಮೊಬೈಲಿನ ವಿಷಯ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲ್ ನುಂಗುವುದು ನಿಮ್ಮಿಬ್ಬರ ಮಾತಿನ ಹೊತ್ತನ್ನು. ಅದಕ್ಕೆ ಕಮ್ಮಿ ಮಾಡಿ. ಆದರೆ ಆಟಿಸಂ ಇದ್ದರೆ ಅದು ಮೊಬೈಲಿನಿಂದ ಬಂದದ್ದಲ್ಲ, ನಿಮ್ಮಿಂದ ಬಂದದ್ದೂ ಅಲ್ಲ. ಬೈಯುವವರಿಗೆ ಈ ಪುಟ ತೋರಿಸಿ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಗಳಿಗೆ ಎರಡೂವರೆ, ಇಪ್ಪತ್ತು ಪದ. ಸುತ್ತಮುತ್ತ ಥೆರಪಿಸ್ಟ್ ಯಾರೂ ಇಲ್ಲ. ಎಲ್ಲಿ ಹೋಗುವುದು? ಅಲ್ಲಿವರೆಗೆ ಮನೆಯಲ್ಲಿ ಏನು ಮಾಡುವುದು?

ಅಂಗನವಾಡಿಯಲ್ಲಿ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಮಾತು, ಶ್ರವಣ ಎರಡೂ ಅವರ ಪಟ್ಟಿಯಲ್ಲಿವೆ. ಅವರು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ. ತಂಡ ಬರುವವರೆಗೆ ಕಾಯಬೇಕಿಲ್ಲ, ಆಶಾ ಕಾರ್ಯಕರ್ತೆಯನ್ನೇ ಹಿಡಿಯಿರಿ. ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ, ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅಂತ ಅದರಲ್ಲೇ ಇದೆ, ಯಾರೂ ಆ ಪುಟ ತಿರುಗಿಸುವುದಿಲ್ಲ. ದೂರ ಆದರೂ ಪರವಾಗಿಲ್ಲ ಅಂದರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಕಿವಿ, ಮಾತು, ಭಾಷೆ ಎಲ್ಲ ಒಂದೇ ಕಡೆ ನೋಡುತ್ತಾರೆ.

ಮನೆಯಲ್ಲಿ ಮಾಡುವುದಕ್ಕೆ ಫ್ಲಾಷ್ ಕಾರ್ಡು ಬೇಡ. ಅವರೆಕಾಯಿ ಸುಲಿಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. "ಕಾಯಿ. ದೊಡ್ಡ ಕಾಯಿ. ಬಿಡಿಸೋಣ... ಟಪ್! ಕಾಳು ಬಂತು. ಕಾಳು ಬಿತ್ತು." ಚಿಕ್ಕ ಚಿಕ್ಕ ಮಾತು, ಅವಳು ನೋಡುತ್ತಿರುವುದರ ಬಗ್ಗೆಯೇ. ಆಮೇಲೆ ಒಂದು ಕಾಯಿ ಕೈಯಲ್ಲಿ ಹಿಡಿದು ಸುಮ್ಮನಿರಿ, ಮನಸ್ಸಿನಲ್ಲೇ ಹತ್ತು ಎಣಿಸಿ. ನಾವು ಮೂರಕ್ಕೇ ಬಾಯಿ ಹಾಕುತ್ತೇವೆ, ಮಗುವಿಗೆ ಸರದಿಯೇ ಸಿಗುವುದಿಲ್ಲ. ಅವಳು "ಕಾಲು" ಅಂದರೆ "ಕಾಲು ಅಲ್ಲ ಕಾಳು ಅನ್ನು" ಅಂತ ತಿದ್ದಬೇಡಿ. "ಹೂಂ, ಕಾಳು ಬಿತ್ತು" ಅಂತ ಒಂದು ಪದ ಸೇರಿಸಿ ವಾಪಸ್ ಕೊಡಿ. "ಇದೇನು ಹೇಳು, ಅದೇನು ಹೇಳು" ಅನ್ನುವ ಪರೀಕ್ಷೆ ನಿಲ್ಲಿಸಿ, ನೆಂಟರು ಬಂದಾಗಲೂ.

ಒಂದು ನೋಟ್‌ಬುಕ್ಕಿನಲ್ಲಿ ಹೊಸ ಪದ, ತಾರೀಖು ಬರೆಯುತ್ತಾ ಹೋಗಿ. ಹೋಗುವ ಹಿಂದಿನ ದಿನ ಅವಳು ಆಡುವುದನ್ನು ಫೋನಿನಲ್ಲಿ ಐದು ನಿಮಿಷ ಹಿಡಿದುಕೊಳ್ಳಿ. ಆಸ್ಪತ್ರೆಯಲ್ಲಿ ಹೊಸ ಮುಖ ಕಂಡು ಅವಳು ಬಾಯಿ ಬಿಡುವುದು ಅನುಮಾನ, ನಮಗೆ ಆ ವಿಡಿಯೋನೇ ಆಧಾರ. ಹಿಡಿಯುವಾಗ ಮಾತ್ರ "ಆಂಟಿಗೆ ಒಂದು ಹಾಡು ಹೇಳು ಪುಟ್ಟಿ" ಅನ್ನಬೇಡಿ. ಅವಳ ಪಾಡಿಗೆ ಅವಳು ಆಡಲಿ.